ಮಾನ್ಯಖೇಟದ ಕಾಲದ ಗಣಿತಾಚಾರ್ಯ

ನಾನು ಕಲಾವಿಭಾಗಕ್ಕೆ ಸೇರಿದ್ದು ಇತಿಹಾಸದ ಮೇಲಿನ ಪ್ರೀತಿಯಿಂದ ಎಂದು ಮನೆಯಲ್ಲಿ ಹೇಳಿದ್ದೇನೆ. ನಿಜಸಂಗತಿ ಗೆಳೆಯರಿಗೆ ಗೊತ್ತು. ಲೆಕ್ಕಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಮಾಧ್ಯಮಿಕ ಶಾಲೆಯಲ್ಲಿ 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದು, ಪೀರಿಯಡ್ಡು ಮುಗಿಯುವವರೆಗೂ ಬೆಂಚಿನ ಮೇಲೆ ನಿಂತವನು ನಾನು. ಕೂಡಿಸಿದ ಮೇಲೂ ಅರ್ಧಕ್ಕಿಂತ ಕಡಿಮೆಯೇ ಬಂದಿತಲ್ಲ ಎಂಬುದು ಆಗ ಹೊಳೆಯಲೇ ಇಲ್ಲ. ಇಂಥವನು ರಾಷ್ಟ್ರಕೂಟರ ಚರಿತ್ರೆ ಓದುತ್ತ ಓದುತ್ತ ಮಹಾವೀರಾಚಾರ್ಯನ ಕೈಗೆ ಸಿಕ್ಕಿಬಿದ್ದೆ.

ಮಹಾವೀರನು ಜೈನ ವಿದ್ವಾಂಸ. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಅಮೋಘವರ್ಷ ನೃಪತುಂಗನು ರಾಜ್ಯವಾಳುತ್ತಿದ್ದ ಕಾಲದವನು. ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಗ್ರಂಥದ ಮೊದಲಿಗೆ ಜಿನನಿಗೆ ವಂದನೆ, ಬಳಿಕ ದೊರೆಯ ಸ್ತುತಿ. ತನ್ನ ಊರು ಮನೆತನಗಳ ಮಾತೇ ಇಲ್ಲ. ಆತನ ಬಾಳನ್ನು ಆತನ ಲೆಕ್ಕಗಳಲ್ಲಿಯೇ ಓದಬೇಕು. ಸಂಗೀತ, ನಾಟಕ, ವೈದ್ಯ, ವಾಸ್ತು, ಕಡೆಗೆ ಅಡಿಗೆಗೂ ಗಣಿತ ಬೇಕೆಂದು ಆತನು ಸಾರಿದ್ದಾನೆ. ನಮ್ಮ ವಿಭಾಗದವರಿಗೆ ತಪ್ಪಿಸಿಕೊಳ್ಳಲು ದಾರಿಯನ್ನೇ ಇಟ್ಟಿಲ್ಲ.

ಆತನ ಮಾವಿನಹಣ್ಣಿನ ಲೆಕ್ಕ ನನಗೆ ಬಹಳ ಹಿಡಿಸಿತು. ಹಣ್ಣಿನ ರಾಶಿಯಲ್ಲಿ ಅರಸನು 1/6 ಭಾಗ ತೆಗೆದುಕೊಂಡನು. ಉಳಿದುದರಲ್ಲಿ 1/5 ರಾಣಿಗೆ. ಆಮೇಲೆ ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರು ಮಿಕ್ಕುದರಲ್ಲಿ 1/4, 1/3, 1/2 ಎತ್ತಿಕೊಂಡರು. ಕಿರಿಯ ಮಗುವಿಗೆ ಉಳಿದದ್ದು ಮೂರೇ ಹಣ್ಣು. ಪಾಪ, ಮಗುವಿಗೆ ಅನ್ಯಾಯವಾಯಿತೆಂದೇ ನಾನೂ ಮರುಗಿದೆ! ಹಿಂದಿನಿಂದ ಹೊರಟು ನೋಡಿದೆ. ಕಡೆಯ ರಾಜಕುಮಾರ ಅರ್ಧ ಒಯ್ದು ಮೂರು ಉಳಿಸಿದ್ದರೆ ಅವನ ಮುಂದೆ ಇದ್ದದ್ದು 6. ಅದಕ್ಕೆ ಮೊದಲು 9. ಹಾಗೆಯೇ 12, 15, ಮೊದಲಿಗೆ 18. ಎಂದರೆ ಅರಸನಿಗೂ ಮೂರು, ರಾಣಿಗೂ ಮೂರು, ಎಲ್ಲರಿಗೂ ಮೂರೇ! ಭಿನ್ನರಾಶಿಗಳನ್ನು ಕಂಡು ಹೆದರಿದವನನ್ನು ನೋಡಿ ಆಚಾರ್ಯನು ಮೀಸೆಯಡಿ ನಕ್ಕಿರಬೇಕು.

ನನ್ನನ್ನು ಬೆಂಚು ಹತ್ತಿಸಿದ ತಪ್ಪಿಗೂ ಆತನಲ್ಲಿ ಮದ್ದಿದೆ. ಬೇರೆ ಬೇರೆ ಛೇದಗಳನ್ನು ಒಂದಾಗಿಸಲು 'ನಿರುದ್ಧ'ವನ್ನು ಕಂಡುಹಿಡಿಯಬೇಕು. ಅದೇ ನಮ್ಮ ಲ.ಸಾ.ಅ. ಛೇದಗಳ ಸಾಮಾನ್ಯ ಅಪವರ್ತನವನ್ನೂ, ಅದರಿಂದ ಭಾಗಿಸಿ ಬಂದ ಲಬ್ಧಗಳನ್ನೂ ಗುಣಿಸಿದರಾಯಿತು. 6 ಮತ್ತು 9ಕ್ಕೆ ಸಾಮಾನ್ಯವಾದುದು 3, ಲಬ್ಧಗಳು 2 ಮತ್ತು 3, ನಿರುದ್ಧ 18. ಗುಣಾಕಾರದಲ್ಲಿ ಹಾರ ಪೋಣಿಸುವ ಚಪಲವೂ ಆತನಿಗುಂಟು: 152207ನ್ನು 73ರಿಂದ ಗುಣಿಸಿರಿ, ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ.

ಹಾಗೆಂದು ಆಚಾರ್ಯನು ಎಡವಲೇ ಇಲ್ಲವೆನ್ನುವಂತಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಕಂಡವನು, ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆಂದು ಬರೆದುಬಿಟ್ಟನು. ಅದು ತಪ್ಪು. ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂದು ಇಂದಿನ ಗಣಿತ ಹೇಳುತ್ತದೆ. ಇದನ್ನೋದಿದಾಗ ನನಗೆ ಆತನ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಬೆಂಚಿನ ಮೇಲೆ ಜೊತೆಗೊಬ್ಬರು ಸಿಕ್ಕಂತಾಯಿತು.

ಗ್ರಂಥವು ದಕ್ಷಿಣದಲ್ಲಿ ಬಾಳಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚಿಗೆ ಸಿದ್ಧಪಡಿಸಿದರು. ಮದರಾಸು ಸರ್ಕಾರ ಪ್ರಕಟಿಸಿತು.

ಒಂದನ್ನು ಅಂಶ ಒಂದೇ ಇರುವ ಭಿನ್ನಗಳಾಗಿ ಒಡೆಯುವ ಸೂತ್ರವೂ ಅದರಲ್ಲಿದೆ. ಮೊನ್ನೆ ಇತಿಹಾಸದ ನೋಟುಬುಕ್ಕಿನ ಹಿಂಬದಿಯಲ್ಲಿ 1/2, 1/3, 1/9, 1/18 ಬರೆದು, ನಿರುದ್ಧ 18 ಹಿಡಿದು ಕೂಡಿಸಿದೆ. ಒಂಬತ್ತು, ಆರು, ಎರಡು, ಒಂದು. ಸರಿಯಾಗಿ ಹದಿನೆಂಟಕ್ಕೆ ಹದಿನೆಂಟು. ಪಕ್ಕದಲ್ಲಿ ಕುಳಿತ ಗೆಳೆಯನಿಗೆ ತೋರಿಸಿದೆ. ಅವನು ನನ್ನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿದನು.