ಗೋಧಿಯ ಗುಟ್ಟು ಕಂಡುಹಿಡಿದ ಡಾ. ಡಿಕ್ಕೆ

ಗೋಧಿ ತಿಂದರೆ ಕೆಲವರ ಕರುಳಿಗೆ ಪೆಟ್ಟಾಗುತ್ತದೆ. ಈ ಕಾಯಿಲೆಯ ಹೆಸರು ಸಿಲಿಯಾಕ್. ಅದರ ಕಾರಣ ತೋರಿಸಿಕೊಟ್ಟವರು ನೆದರ್ಲೆಂಡ್ಸ್ ದೇಶದ ಮಕ್ಕಳ ವೈದ್ಯ ಡಾ. ವಿಲ್ಲೆಮ್ ಕಾರೆಲ್ ಡಿಕ್ಕೆ. ನನ್ನ ಖಾಲಾನ ಮಗಳಿಗೆ ಈ ಕಾಯಿಲೆ ಇರುವುದರಿಂದ ಅವರ ಬಗ್ಗೆ ಓದಿದೆ.

ಡಿಕ್ಕೆಯವರು 1905ರಲ್ಲಿ ಡೋರ್ಡ್ರೆಕ್ಟ್ ಊರಿನಲ್ಲಿ ಜನಿಸಿದರು. ಲೈಡನ್‌ನಲ್ಲಿ ವೈದ್ಯಶಾಸ್ತ್ರ ಓದಿದರು. 1936ರಲ್ಲಿ, ಕೇವಲ 31ನೇ ವಯಸ್ಸಿಗೆ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು.

ಆ ಕಾಲದಲ್ಲಿ ಸಿಲಿಯಾಕ್ ಮಕ್ಕಳ ಸ್ಥಿತಿ ಕಷ್ಟದ್ದಾಗಿತ್ತು. ಹೊಟ್ಟೆ ಉಬ್ಬುತ್ತಿತ್ತು, ಕೈಕಾಲು ಸೊರಗುತ್ತಿದ್ದವು, ಭೇದಿ ನಿಲ್ಲುತ್ತಿರಲಿಲ್ಲ. ಅನೇಕ ಮಕ್ಕಳು ಬದುಕುತ್ತಿರಲಿಲ್ಲ. ಊಟದಿಂದಲೇ ಇದು ಗುಣವಾಗಬೇಕು ಎಂದು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗೀ 1888ರಲ್ಲೇ ಬರೆದಿದ್ದರು. ಆದರೆ ಯಾವ ಊಟ ಕೆಟ್ಟದ್ದು ಎಂದು ತಿಳಿದಿರಲಿಲ್ಲ. ಅಮೆರಿಕದಲ್ಲಿ ಬಾಳೆಹಣ್ಣು ತಿನ್ನಿಸುತ್ತಿದ್ದರು. ಬ್ರೆಡ್ ಬಿಟ್ಟ ಮಕ್ಕಳು ಚೇತರಿಸಿಕೊಳ್ಳುವುದನ್ನು ಡಿಕ್ಕೆ ಗಮನಿಸಿ, ಗೋಧಿಯಿಲ್ಲದ ಪಥ್ಯದ ಬಗ್ಗೆ 1941ರಲ್ಲಿ ಲೇಖನ ಬರೆದರು.

ಆಮೇಲೆ ಯುದ್ಧದ ಬರ ಬಂತು. 1944-45ರ ಚಳಿಗಾಲದಲ್ಲಿ ಬ್ರೆಡ್ ಸಿಗದೆ ಜನ ಟ್ಯುಲಿಪ್ ಗಡ್ಡೆ ತಿಂದರು. ಊರೆಲ್ಲ ಹಸಿದಿದ್ದಾಗ ಸಿಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ಮರಳಿ ಬಂದಾಗ ಕಾಯಿಲೆಯೂ ಮರಳಿತು. ಡಿಕ್ಕೆಯವರ ಊಹೆ ಗಟ್ಟಿಯಾಯಿತು. ಆದರೂ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಬೇರೆ ಬೇರೆ ಧಾನ್ಯ ಕೊಟ್ಟು, ಮಕ್ಕಳ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆಸಿ, ಲೆಕ್ಕ ಇಟ್ಟರು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ತೊಂದರೆ ಗೋಧಿಯ ಗ್ಲುಟನ್ ಎಂಬ ಪ್ರೋಟೀನಿನಲ್ಲಿದೆ ಎಂದು ಅವರೂ ಜೊತೆಗಾರರೂ ತೋರಿಸಿದರು. 1962ರಲ್ಲಿ, 57ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಂದಿಗೂ ಸಿಲಿಯಾಕ್‌ಗೆ ಅವರ ಪಥ್ಯವೇ ಮದ್ದು. ಗೋಧಿ, ಬಾರ್ಲಿ, ರೈ ಜೀವನಪೂರ್ತಿ ಬಿಡಬೇಕು. ನಮ್ಮ ತದಡಿಯಲ್ಲಿ ಮನೆಯೂಟ ಕಷ್ಟವಲ್ಲ. ಅಘನಾಶಿನಿ ಗಜನಿಯ ಕಗ್ಗ ಅಕ್ಕಿ, ಮೀನು ಸಾರು, ಅಕ್ಕಿ ರೊಟ್ಟಿ, ರಾಗಿ ಎಲ್ಲವೂ ಸರಿ. ಕಷ್ಟ ಇರುವುದು ಹತ್ತು ಜನರ ನಡುವೆ. ಶೀರ್ ಖುರ್ಮಾದ ಸೇವಿಯಾ ಗೋಧಿಯದು, ಹಲೀಮ್‌ನಲ್ಲಿ ಗೋಧಿ, ಇಫ್ತಾರಿನ ಸಮೋಸಾದಲ್ಲಿ ಮೈದಾ. ಅಂಗಡಿ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆತಿರಬಹುದು. ಗ್ಲುಟನ್ ಇಲ್ಲದ ಬಿಸ್ಕತ್ತಿನ ಬೆಲೆ ಜಾಸ್ತಿ. ಒಂದು ತುತ್ತಿಗೆ ಏನಾಗುತ್ತದೆ ಎಂದು ನೆಂಟರು ಪ್ರೀತಿಯಿಂದಲೇ ಒತ್ತಾಯಿಸುತ್ತಾರೆ. ಆ ತುತ್ತೂ ಕರುಳಿಗೆ ಹಾನಿ. ಬೇಡ ಎಂದು ಹೇಳಿ ಹೇಳಿ ಸಾಕಾಗಿ ನನ್ನ ತಂಗಿ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಕಳೆದ ಈದ್‌ಗೆ ಖಾಲಾ ಅಕ್ಕಿ ಶಾವಿಗೆಯಲ್ಲಿ ಶೀರ್ ಖುರ್ಮಾ ಮಾಡಿದರು. ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಿದರು. ಅವಳು ಎರಡು ಸಲ ಹಾಕಿಸಿಕೊಂಡಳು.

ಏನು ತಿನ್ನಬಾರದು ಎಂಬುದನ್ನು ಡಿಕ್ಕೆ ಹೇಳಿಕೊಟ್ಟು ಹೋದರು. ಜೊತೆಗೆ ಕೂತು ಉಣ್ಣುವಂತೆ ಮಾಡುವುದು ನಮ್ಮ ಕೆಲಸ. ನಿಮ್ಮ ಗೆಳೆಯರಲ್ಲಿ ಯಾರಾದರೂ ಬೇಡ ಎಂದರೆ ಒತ್ತಾಯ ಮಾಡಬೇಡಿ, ಏನು ಆಗುತ್ತದೆ ಎಂದು ಕೇಳಿ.