ಗದ್ದೆಯ ಲೆಕ್ಕ ಬರೆಸಿದ ಅರಸ

ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗದ ಕೋಟೆಯನ್ನು ನಮ್ಮಲ್ಲಿ ಅನೇಕರು ಹತ್ತಿ ಬಂದಿದ್ದೇವೆ. ಅದನ್ನಾಳಿದ ಕೆಳದಿಯ ಶಿವಪ್ಪ ನಾಯಕರು ಪಟ್ಟಕ್ಕೆ ಬಂದದ್ದು 1645ರಲ್ಲಿ. ಹೊನ್ನಾವರ, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಶೂರ. ಆದರೆ ಜನ ಇಂದಿಗೂ ನೆನೆಯುವುದು ಅವರ ‘ಶಿಸ್ತು’ ಎಂಬ ಕಂದಾಯ ಪದ್ಧತಿಯನ್ನು.

ಅವರು ಮನಸ್ಸಿಗೆ ಬಂದಂತೆ ಕಂದಾಯ ಹೇರಲಿಲ್ಲ. ಊರೂರಲ್ಲಿ ಪ್ರತಿ ಬಗೆಯ ಜಮೀನಿನಿಂದ ಒಂದೊಂದು ಗದ್ದೆ ಆರಿಸಿ, ಸ್ವಂತ ಖರ್ಚಿನಲ್ಲಿ 12 ವರ್ಷ ಸಾಗುವಳಿ ಮಾಡಿಸಿದರೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಬೀಜ, ಕೂಲಿ, ಬೆಳೆ, ಪೇಟೆಯ ದರ ಎಲ್ಲಕ್ಕೂ ಲೆಕ್ಕ. ಒಳ್ಳೆಯ ವರ್ಷ, ಕೆಟ್ಟ ವರ್ಷ ಸೇರಿಸಿ ಸರಾಸರಿ ತೆಗೆದ ಮೇಲೆಯೇ ಸರಕಾರಕ್ಕೆ ಮೂರರಲ್ಲೊಂದು ಪಾಲು ಗೊತ್ತು ಮಾಡಿದರು. 1660ರಲ್ಲಿ ನಾಯಕರು ತೀರಿಕೊಂಡರು, ಶಿಸ್ತು ಉಳಿಯಿತು.

ಗಲ್ಫಿನ ಉಳಿತಾಯಕ್ಕೆ ಹೆಂಡತಿಯ ಬಂಗಾರ ಸೇರಿಸಿ ಅಂಗಡಿ ಹಾಕ್ತೇನೆ ಅನ್ನುವ ನಮ್ಮ ಹುಡುಗರು 12 ವರ್ಷ ಕಾಯಬೇಕಿಲ್ಲ. ಮಳೆಗಾಲವೂ ರಂಝಾನೂ ಸೇರಿದ ಒಂದೇ ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ನಿಂತು ಬಾಡಿಗೆ, ಸಂಬಳ, ಉದ್ರಿ, ಹಾಳಾದ ಮಾಲು ಎಲ್ಲ ಬರೆದಿಡಲಿ. ಆ ಲೆಕ್ಕದಲ್ಲಿ ಕೆಟ್ಟ ತಿಂಗಳೂ ದಾಟುವಂತಿದ್ದರೆ ಬಿಸ್ಮಿಲ್ಲಾ ಹೇಳಿ ಬಾಗಿಲು ತೆಗೆಯಲಿ. ಇಲ್ಲಾಂದ್ರೆ ಬಂಗಾರ ಪೆಟ್ಟಿಗೆಯಲ್ಲೇ ಇರಲಿ.