ಯೋನಾತಾನ್ ಬೆನ್ ಉಜ್ಜೀಯೇಲ್

ಯೋನಾತಾನ್ ಬೆನ್ ಉಜ್ಜೀಯೇಲ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇಸ್ರೇಲ್ ನಾಡಿನಲ್ಲಿದ್ದ ಯೆಹೂದಿ ಧರ್ಮಪಂಡಿತ. ಹೀಬ್ರೂ ಪ್ರವಾದಿಗಳ ಗ್ರಂಥಗಳನ್ನು ಅರ್ಥವಿವರಣೆಯೊಡನೆ ಅರಾಮಿಕ್ ಭಾಷೆಗೆ ತಂದವನೆಂದು ಪರಂಪರೆಯು ಈತನನ್ನು ಗೌರವಿಸುತ್ತದೆ. ಆ ಕೃತಿಯ ಹೆಸರು ತರ್ಗುಮ್ ಯೋನಾತಾನ್. ತರ್ಗುಮ್ ಎಂದರೆ ಅನುವಾದ.

ಜೀವನ

ಈತನ ಹುಟ್ಟು, ಬಾಲ್ಯಗಳ ವಿವರ ಉಳಿದಿಲ್ಲ. ತಿಳಿದಿರುವುದೆಲ್ಲ ಬಹುಮಟ್ಟಿಗೆ ತಾಲ್ಮೂದಿನ ಕಥೆಗಳಿಂದ. ಗುರು ಹಿಲ್ಲೇಲನ 80 ಶಿಷ್ಯರಲ್ಲಿ ಈತನೇ ಅಗ್ರಗಣ್ಯನೆಂದೂ, ಈತ ಅಧ್ಯಯನಕ್ಕೆ ಕುಳಿತಾಗ ಮೇಲೆ ಹಾರಿದ ಹಕ್ಕಿ ಸುಟ್ಟುಹೋಗುತ್ತಿತ್ತೆಂದೂ ಐತಿಹ್ಯವಿದೆ.

ಮಕ್ಕಳ ನಡತೆಯಿಂದ ಬೇಸತ್ತ ಒಬ್ಬನು ತನ್ನ ಆಸ್ತಿಯನ್ನೆಲ್ಲ ಯೋನಾತಾನನಿಗೆ ಬರೆದುಕೊಟ್ಟನು. ಯೋನಾತಾನನು ಅದರಲ್ಲಿ ಒಂದು ಪಾಲನ್ನು ಮಾರಿ, ಇನ್ನೊಂದನ್ನು ದೇವರಿಗೆ ಮೀಸಲಿಟ್ಟು, ಮೂರನೆಯದನ್ನು ಆ ಮಕ್ಕಳಿಗೇ ಹಿಂದಿರುಗಿಸಿದನು. ಸತ್ತವನ ಇಚ್ಛೆ ಮೀರಿದನೆಂದು ಪಂಡಿತ ಶಮ್ಮಾಯಿ ಆಕ್ಷೇಪಿಸಿದನು. ಮಾರಿದ್ದೂ ಮೀಸಲಿಟ್ಟದ್ದೂ ಸಿಂಧುವಾದರೆ ಹಿಂದಿರುಗಿಸಿದ್ದೂ ಸಿಂಧುವೇ ಎಂಬ ಯೋನಾತಾನನ ವಾದದ ಮುಂದೆ ಶಮ್ಮಾಯಿ ಸೋಲೊಪ್ಪಿದನು.

ಅನುವಾದದ ಹಿನ್ನೆಲೆ

ಬಾಬಿಲೋನಿನ ಸೆರೆವಾಸದ ನಂತರ ಯೆಹೂದ್ಯರಲ್ಲಿ ಅರಾಮಿಕ್ ಆಡುಮಾತಾಗಿ ಹರಡಿತು. ಸಭಾಮಂದಿರದಲ್ಲಿ ಒಬ್ಬನು ಹೀಬ್ರೂ ಮೂಲವನ್ನು ಓದಿದರೆ ಇನ್ನೊಬ್ಬನು ಅದನ್ನು ಅರಾಮಿಕ್‌ನಲ್ಲಿ ಹೇಳುತ್ತಿದ್ದನು. ಗಮಕಿಯ ವಾಚನವನ್ನು ವ್ಯಾಖ್ಯಾನಕಾರರು ಅನುಸರಿಸುವ ಕನ್ನಡದ ಪದ್ಧತಿಗೆ ಇದನ್ನು ಹೋಲಿಸಬಹುದು.

ಹಗ್ಗಾಯ, ಜೆಕರ್ಯ, ಮಲಾಕಿಯರಿಂದ ಬಂದ ಅರ್ಥವನ್ನೇ ಯೋನಾತಾನನು ನಿರೂಪಿಸಿದನೆಂದು ತಾಲ್ಮೂದ್ ಹೇಳುತ್ತದೆ. ಆಗ ನಾಡು ಕಂಪಿಸಿ, ರಹಸ್ಯವನ್ನು ಬಯಲುಮಾಡಿದವರಾರೆಂದು ಆಕಾಶವಾಣಿ ಕೇಳಿತಂತೆ. ತನ್ನ ಕೀರ್ತಿಗಾಗಿ ಅಲ್ಲ, ಜನರಲ್ಲಿ ಭಿನ್ನಾಭಿಪ್ರಾಯ ಬೆಳೆಯದಿರಲೆಂದು ಹೀಗೆ ಮಾಡಿದೆನೆಂದು ಆತ ಉತ್ತರಿಸಿದನು. ಪವಿತ್ರಗ್ರಂಥದ ಮೂರನೆಯ ಭಾಗವಾದ ಬರಹಗಳನ್ನೂ ವಿವರಿಸಹೊರಟಾಗ, ಮೆಸ್ಸೀಯನ ಕಾಲದ ಗುಟ್ಟು ಅಲ್ಲಿರುವುದರಿಂದ ಆಕಾಶವಾಣಿಯು ತಡೆಯಿತು. ಶಾಸ್ತ್ರವನ್ನು ಜನಸಾಮಾನ್ಯರಿಗೆ ಎಷ್ಟರಮಟ್ಟಿಗೆ ತೆರೆದಿಡಬಹುದೆಂಬ ಅಳುಕು ಈ ಕಥೆಯಲ್ಲಿದೆ.

ಅರ್ಥನಿರೂಪಣೆ

ಜೆಕರ್ಯನ ಗ್ರಂಥದ 12ನೆಯ ಅಧ್ಯಾಯವು ಮೆಗಿದ್ದೋ ಬಯಲಿನ ಹದದ್ ರಿಮ್ಮೋನನ ಗೋಳಾಟವನ್ನು ಹೆಸರಿಸುತ್ತದೆ. ಅಂಥ ಘಟನೆ ಶಾಸ್ತ್ರದಲ್ಲಿ ಬೇರೆಲ್ಲೂ ಇಲ್ಲ. ತರ್ಗುಮ್ ಇದನ್ನು ಎರಡು ಶೋಕಗಳಾಗಿ ಬಿಡಿಸುತ್ತದೆ: ಹದದ್ ರಿಮ್ಮೋನನಿಂದ ಹತನಾದ ಅರಸ ಅಹಾಬನದು ಒಂದು, ಮೆಗಿದ್ದೋವಿನಲ್ಲಿ ಫರೋಹನಿಂದ ಹತನಾದ ಯೋಷೀಯನದು ಇನ್ನೊಂದು. ಈ ಅನುವಾದವಿಲ್ಲದಿದ್ದರೆ ವಚನದ ಅರ್ಥವೇ ತಿಳಿಯುತ್ತಿರಲಿಲ್ಲವೆಂದು ಬಾಬಿಲೋನಿನ ಪಂಡಿತ ರಾವ್ ಯೋಸೇಫ್ ಅಭಿಪ್ರಾಯಪಟ್ಟನು. ಯೆಶಾಯನ ದ್ರಾಕ್ಷಿತೋಟದ ಹಾಡಿನಲ್ಲಿ ಗೋಪುರವನ್ನು ದೇವಾಲಯವೆಂದೂ ದ್ರಾಕ್ಷಿಯ ತೊಟ್ಟಿಯನ್ನು ಬಲಿಪೀಠವೆಂದೂ ತರ್ಗುಮ್ ಅರ್ಥೈಸುತ್ತದೆ. ಪ್ರವಾದಿಗಳ ರೂಪಕಗಳನ್ನು ಪ್ರಾಚೀನ ಯೆಹೂದ್ಯರು ಹೇಗೆ ಗ್ರಹಿಸಿದ್ದರೆಂಬುದಕ್ಕೆ ಇದು ಸಾಕ್ಷಿ.

ಕರ್ತೃತ್ವ

ಈ ಕೃತಿ ಒಬ್ಬನದಲ್ಲ, ಪಾಲೆಸ್ತೀನದಲ್ಲಿ ಮೊದಲಾಗಿ ಬಾಬಿಲೋನಿನಲ್ಲಿ ಅಂತಿಮ ರೂಪ ತಳೆಯಿತೆಂಬುದು ಆಧುನಿಕ ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ತೋರಾದ ಒಂದು ತರ್ಗುಮಿಗೂ ಯೋನಾತಾನನ ಹೆಸರು ತಪ್ಪಾಗಿ ಅಂಟಿಕೊಂಡಿದೆ. 1517ರಲ್ಲಿ ವೆನಿಸ್‌ನಲ್ಲಿ ಮುದ್ರಣಗೊಂಡ ರಬ್ಬೀನಿಕ್ ಬೈಬಲಿನಲ್ಲಿ ಪ್ರವಾದಿಗಳ ಮೂಲದೊಡನೆ ತರ್ಗುಮ್ ಯೋನಾತಾನ್ ಸಹ ಸೇರಿತ್ತು.

ಸಮಾಧಿ

ಉತ್ತರ ಇಸ್ರೇಲಿನ ಸಫೇದ್ ಬಳಿಯ ಅಮೂಕಾದಲ್ಲಿ ಈತನದೆಂದು ನಂಬಲಾದ ಸಮಾಧಿಯಿದೆ. ವಿವಾಹ ಕೂಡಿಬರಲೆಂದು ಪ್ರಾರ್ಥಿಸಲು ಅವಿವಾಹಿತರು ಅಲ್ಲಿಗೆ ಹೋಗುತ್ತಾರೆ.